ಉಕ್ಕಿನ ಒಡಲಲ್ಲಿ ಇಂಗಾಲದ ಕೊಳವೆ



ಲೋಹಶಾಸ್ತ್ರದ ವಿಷಯವನ್ನು ಕನ್ನಡದಲ್ಲಿ ಮಾತನಾಡುವುದಕ್ಕೆ ಒಂದು ವೇದಿಕೆ ಇರುವುದೇ ದೊಡ್ಡ ಸಂಗತಿ.

ನಾನು ಇಂದು ಆರಿಸಿಕೊಂಡಿರುವುದು ಸ್ಟೇನ್‌ಲೆಸ್ ಸ್ಟೀಲಿಗೆ ಇಂಗಾಲದ ನ್ಯಾನೊ ಕೊಳವೆಗಳನ್ನು ಬೆರೆಸಿ ಅದರ ಬಲ ಹೆಚ್ಚಿಸುವ ಪ್ರಯತ್ನವನ್ನು. ಈ ಕುರಿತು ಸಂಶೋಧನಾ ಪತ್ರಿಕೆಗಳಲ್ಲಿ ಲೇಖನಗಳು ಬರುತ್ತಲೇ ಇವೆ. ‘ಗಡಸುತನ ಇಷ್ಟು ಹೆಚ್ಚಿತು, ಸವೆತ ಅಷ್ಟು ಇಳಿಯಿತು’ ಎಂಬ ಮಾತುಗಳು ಅವುಗಳಲ್ಲಿ ಸಾಮಾನ್ಯ. ಆ ಮಾತುಗಳನ್ನು ತೂಗಿ ನೋಡುವುದಕ್ಕೆ ಬೇಕಾದಷ್ಟು ವಿವರವನ್ನು ನಿಮ್ಮ ಮುಂದಿಡುವುದು ನನ್ನ ಉದ್ದೇಶ. ಮೊದಲು ಸ್ಟೇನ್‌ಲೆಸ್ ಸ್ಟೀಲಿನ ಸ್ವಭಾವ, ಅದಕ್ಕೂ ಇಂಗಾಲಕ್ಕೂ ಇರುವ ಹಳೆಯ ವೈರ. ಆಮೇಲೆ ನ್ಯಾನೊ ಕೊಳವೆಯ ಪರಿಚಯ. ಅನಂತರ ಎರಡನ್ನೂ ಬೆರೆಸಿ ಕಾಯಿಸಿದಾಗ ನಡೆಯುವ ಸಂಗತಿ. ಕೊನೆಗೆ, ಬಲ ಹೆಚ್ಚಿತು ಎಂದಾಗ ಅದು ಯಾವುದರಿಂದ ಹೆಚ್ಚಿತು ಎಂಬ ಪ್ರಶ್ನೆ. ಮೂರನೆಯ ಭಾಗಕ್ಕೆ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ. ಇಡೀ ವಿಷಯದ ಗಂಟು ಇರುವುದು ಅಲ್ಲಿ.

ಸ್ಟೇನ್‌ಲೆಸ್ ಸ್ಟೀಲಿನ ಇತಿಹಾಸ ಬಹಳ ಹಳೆಯದಲ್ಲ. ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಬೆನ್ನೊ ಸ್ಟ್ರಾಸ್ ಮತ್ತು ಎಡ್ವರ್ಡ್ ಮೌರರ್ ಕ್ರೋಮಿಯಂ ಹಾಗೂ ನಿಕ್ಕಲ್ ಬೆರೆತ ಉಕ್ಕನ್ನು ರೂಪಿಸಿದರು. ಅದರ ಪೇಟೆಂಟುಗಳು 1912ರವು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಬೇಗ ಸವೆಯುವುದನ್ನು ತಡೆಯಲು ಹೊರಟು 1913ರಲ್ಲಿ ಶೇ. 12.8ರಷ್ಟು ಕ್ರೋಮಿಯಂ ಇರುವ ಉಕ್ಕನ್ನು ಎರಕ ಹೊಯ್ದ. ಸೂಕ್ಷ್ಮದರ್ಶಕದಲ್ಲಿ ನೋಡಲು ಉಕ್ಕನ್ನು ಆಮ್ಲದಿಂದ ತುಸು ಕೊರೆಯಬೇಕು. ಈ ಉಕ್ಕು ಆ ಆಮ್ಲಕ್ಕೆ ಸುಲಭವಾಗಿ ಬಗ್ಗಲಿಲ್ಲ. ಅದರ ಬೆಲೆಯನ್ನು ಅವನು ಗುರುತಿಸಿದ್ದು ಹಾಗೆ.

ಉಕ್ಕಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇದ್ದರೆ ಗಾಳಿಯ ಆಮ್ಲಜನಕದೊಡನೆ ಸೇರಿ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಒಂದು ಪೊರೆ ಕಟ್ಟುತ್ತದೆ. ಆ ಪೊರೆಯ ದಪ್ಪ ಎರಡು ಮೂರು ನ್ಯಾನೊಮೀಟರ್, ಅಂದರೆ ಕೆಲವೇ ಪರಮಾಣುಗಳ ಸಾಲು. ಗೀರು ಬಿದ್ದರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಅಡುಗೆಮನೆಯ ಲೋಟ, ಶಸ್ತ್ರಚಿಕಿತ್ಸೆಯ ಕತ್ತರಿ, ನಮ್ಮ ಮೆಟ್ರೊ ಬೋಗಿಯ ಹೊರಮೈ, ಹಾಲಿನ ಡೇರಿಯ ಟ್ಯಾಂಕು ಇವೆಲ್ಲ ಬಾಳುತ್ತಿರುವುದು ಆ ಪೊರೆಯ ಆಸರೆಯಲ್ಲಿ.

ತುಕ್ಕನ್ನು ಗೆದ್ದ ಈ ಉಕ್ಕು ಬಲದಲ್ಲಿ ಅಷ್ಟೇನೂ ಮುಂದಿಲ್ಲ. ಆಸ್ಪತ್ರೆಯಲ್ಲಿ ಮುರಿದ ಮೂಳೆಗೆ ಹಾಕುವ ಪ್ಲೇಟಿನಿಂದ ಹಿಡಿದು ಸಮುದ್ರದ ನೀರೆತ್ತುವ ಪಂಪಿನವರೆಗೆ ಬಳಕೆಯಲ್ಲಿರುವ 316ಎಲ್ ದರ್ಜೆಯನ್ನು ನೋಡಿ. ಕಾಯಿಸಿ ಮೆತ್ತಗೆ ಮಾಡಿದ ಸ್ಥಿತಿಯಲ್ಲಿ ಅದು ಶಾಶ್ವತವಾಗಿ ಬಾಗತೊಡಗುವ ಒತ್ತಡಕ್ಕೆ ನಿಗದಿಯಾಗಿರುವ ಕನಿಷ್ಠ ಮಿತಿ 170 ಮೆಗಾಪ್ಯಾಸ್ಕಲ್. ಮನೆ ಕಟ್ಟಲು ತರುವ ಎಫ್‌ಇ 500 ಟಿಎಂಟಿ ಕಂಬಿಗೆ ಆ ಮಿತಿ 500. ದುಬಾರಿ ಸ್ಟೇನ್‌ಲೆಸ್ ಸ್ಟೀಲು ಸಿಮೆಂಟಿನೊಳಗೆ ಹುದುಗುವ ಕಂಬಿಯ ಮೂರನೆಯ ಒಂದು ಭಾಗದಷ್ಟು ಒತ್ತಡಕ್ಕೇ ಬಗ್ಗಬಹುದು. ಅದೂ ಸಾಲದೆಂಬಂತೆ, ಎರಡು ಸ್ಟೇನ್‌ಲೆಸ್ ಮೈಗಳು ಉಜ್ಜಿದಾಗ ಒಂದಕ್ಕೊಂದು ಕಚ್ಚಿಕೊಂಡು ಕಿತ್ತುಬರುತ್ತವೆ. ಸ್ಟೇನ್‌ಲೆಸ್ ಬೋಲ್ಟು ನಟ್ಟಿನೊಳಗೆ ಕಚ್ಚಿಕೊಂಡು ತಿರುಗದೆ ನಿಂತದ್ದು ಫಿಟ್ಟರ್ ಕೆಲಸ ಮಾಡಿದವರಿಗೆಲ್ಲ ಗೊತ್ತು. ಇದನ್ನು ಬಲಪಡಿಸಬೇಕೆಂಬ ಆಸೆ ನ್ಯಾಯವಾದದ್ದೇ.

ಹಾಗಾದರೆ ಉಕ್ಕನ್ನು ಬಲಪಡಿಸುವ ಪುರಾತನ ಮದ್ದಾದ ಇಂಗಾಲವನ್ನು ಇದಕ್ಕೆ ಏಕೆ ಹಾಕುವುದಿಲ್ಲ? ಕಾರಣ ಇದೆ. 450ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಈ ಉಕ್ಕು ಸ್ವಲ್ಪ ಹೊತ್ತು ಇದ್ದರೂ ಸಾಕು, ಇಂಗಾಲ ಹರಳುಗಳ ಅಂಚಿಗೆ ಬಂದು ಅಲ್ಲಿನ ಕ್ರೋಮಿಯಮ್ಮನ್ನು ಹಿಡಿದು ಕ್ರೋಮಿಯಂ ಕಾರ್ಬೈಡ್ ಆಗುತ್ತದೆ. ಅಂಚಿನ ಪಕ್ಕದ ತೆಳು ಪಟ್ಟಿಯಲ್ಲಿ ಕ್ರೋಮಿಯಂ ಬರಿದಾಗುತ್ತದೆ. ಅಲ್ಲಿ ಪೊರೆ ಕಟ್ಟುವುದಿಲ್ಲ; ತುಕ್ಕು ಆ ದಾರಿ ಹಿಡಿದು ಒಳಗಿಳಿಯುತ್ತದೆ. ಹೊರಗೆ ಹೊಳೆಯುತ್ತಿರುವ ಪೈಪು ವೆಲ್ಡಿಂಗಿನ ಪಕ್ಕದಲ್ಲಿ ಹರಳು ಹರಳಾಗಿ ಉದುರುವುದು ಹೀಗೆ. ಅದಕ್ಕೆ ‘ವೆಲ್ಡ್ ಡಿಕೇ’ ಎಂಬ ಹೆಸರೇ ಬಂತು.

ಇದನ್ನು ತಡೆಯಲು ಲೋಹಶಾಸ್ತ್ರಜ್ಞರು ಹಲವು ದಶಕ ದುಡಿದಿದ್ದಾರೆ. 321 ದರ್ಜೆಯಲ್ಲಿ ಟೈಟೇನಿಯಂ, 347ರಲ್ಲಿ ನಿಯೋಬಿಯಂ ಸೇರಿಸಿ ಇಂಗಾಲವನ್ನು ಅವುಗಳಿಗೆ ಕಟ್ಟಿಹಾಕಿದರು. ಕರಗಿದ ಉಕ್ಕಿನೊಳಗೆ ಆರ್ಗಾನ್ ಮತ್ತು ಆಮ್ಲಜನಕವನ್ನು ಊದಿ, ಕ್ರೋಮಿಯಂ ಸುಟ್ಟುಹೋಗದಂತೆ ಇಂಗಾಲವನ್ನಷ್ಟೇ ಹೊರಗಟ್ಟುವ ಎಒಡಿ ವಿಧಾನ 1960ರ ದಶಕದ ಕೊನೆಯಲ್ಲಿ ಕಾರ್ಖಾನೆಗೆ ಬಂತು. 316ಎಲ್ ಎಂಬಲ್ಲಿರುವ ‘ಎಲ್’ ಅಕ್ಷರ ಹೇಳುವುದು ಇಷ್ಟೇ: ಇದರಲ್ಲಿ ಇಂಗಾಲ ಶೇ. 0.03ನ್ನು ಮೀರಿಲ್ಲ. ಇಷ್ಟು ಕಷ್ಟಪಟ್ಟು ಹೊರಹಾಕಿದ ವಸ್ತುವನ್ನೇ ಕೊಳವೆಯ ರೂಪದಲ್ಲಿ ಮತ್ತೆ ಒಳಗೆ ತರುತ್ತಿದ್ದೇವೆ ಎಂಬುದನ್ನು ಮುಂದಿನ ಮಾತುಗಳನ್ನು ಕೇಳುವಾಗ ದಯವಿಟ್ಟು ನೆನಪಿನಲ್ಲಿಡಿ.

ಈಗ ಎರಡನೆಯ ವಿಷಯಕ್ಕೆ ಬರುತ್ತೇನೆ.

ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯನ್ನು ಸುರುಳಿ ಸುತ್ತಿ ಅಂಚುಗಳನ್ನು ಬೆಸೆದರೆ ನ್ಯಾನೊ ಕೊಳವೆ. ಒಂದೇ ಗೋಡೆಯದಾದರೆ ಅಡ್ಡಗಲ ಒಂದೆರಡು ನ್ಯಾನೊಮೀಟರ್. ಒಂದರೊಳಗೊಂದು ಸೇರಿದ ಬಹುಗೋಡೆಯ ಕೊಳವೆಯಾದರೆ ಸಾಮಾನ್ಯವಾಗಿ ಹತ್ತರಿಂದ ಮೂವತ್ತು. ಗೋಡೆಗಳ ನಡುವಿನ ಅಂತರ 0.34 ನ್ಯಾನೊಮೀಟರ್. ಜಪಾನಿನ ಎನ್‌ಇಸಿ ಸಂಸ್ಥೆಯಲ್ಲಿದ್ದ ಸುಮಿಯೊ ಇಜಿಮಾ 1991ರಲ್ಲಿ ಇವುಗಳನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ ಮೇಲೆ ಜಗತ್ತಿನ ಗಮನ ಇತ್ತ ತಿರುಗಿತು. ಆದರೆ ಸೋವಿಯತ್ ಒಕ್ಕೂಟದ ರಾದುಷ್ಕೆವಿಚ್ ಮತ್ತು ಲುಕ್ಯಾನೊವಿಚ್ 1952ರಲ್ಲೇ ಟೊಳ್ಳಾದ ಇಂಗಾಲದ ಎಳೆಗಳ ಚಿತ್ರಗಳನ್ನು ಪ್ರಕಟಿಸಿದ್ದರು. ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ ಎಂದು ಇದನ್ನು ಹೇಳುತ್ತಿದ್ದೇನೆ. ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಫೆರೊಸೀನಿನಂಥ ಸಂಯುಕ್ತಗಳನ್ನು ಬಿಸಿಗೆ ಒಡೆದು ನ್ಯಾನೊ ಕೊಳವೆ ಬೆಳೆಸುವ ದಾರಿಯನ್ನು ತೋರಿಸಿದರು.

ಕೊಳವೆಯ ಬಲದ ಬಗ್ಗೆ ಹೇಳುವ ಅಂಕಿಗಳು ಉತ್ಪ್ರೇಕ್ಷೆಯಲ್ಲ. 2000ದಲ್ಲಿ ಅಮೆರಿಕದ ರಾಡ್ನಿ ರುವಾಫ್ ಅವರ ತಂಡ ಒಂದೊಂದೇ ಬಹುಗೋಡೆಯ ಕೊಳವೆಯನ್ನು ಸೂಕ್ಷ್ಮದರ್ಶಕದ ಒಳಗೇ ಎಳೆದು ನೋಡಿತು. ಹೊರಗೋಡೆ ಹರಿದುಹೋದದ್ದು 11ರಿಂದ 63 ಗಿಗಾಪ್ಯಾಸ್ಕಲ್ ಒತ್ತಡದಲ್ಲಿ. ಒಂದು ಗಿಗಾಪ್ಯಾಸ್ಕಲ್ ಎಂದರೆ ಸಾವಿರ ಮೆಗಾಪ್ಯಾಸ್ಕಲ್. 316ಎಲ್‌ನ 170ನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಳ್ಳೆಯ ಕೊಳವೆಯ ಬಿಗಿತನ ಒಂದು ಸಾವಿರ ಗಿಗಾಪ್ಯಾಸ್ಕಲಿನ ಆಸುಪಾಸು, ಉಕ್ಕಿನದು ಇನ್ನೂರರ ಸಮೀಪ. ತೂಕದಲ್ಲಿ ಕೊಳವೆ ಉಕ್ಕಿನ ನಾಲ್ಕನೆಯ ಒಂದು ಭಾಗ. ಇಂಥ ಎಳೆಯನ್ನು ಲೋಹದೊಳಗೆ ಹೂಡಿದರೆ ಏನಾಗಬಹುದು ಎಂದು ಯಾರಿಗಾದರೂ ಕುತೂಹಲ ಹುಟ್ಟುವುದು ಸಹಜ.

ಇಲ್ಲಿ ಒಂದು ಉಪಕಥೆ ಹೇಳಲೇಬೇಕು, ಏಕೆಂದರೆ ಇದು ನಮ್ಮ ನೆಲಕ್ಕೆ ಸೇರಿದ್ದು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಪೀಟರ್ ಪೌಫ್ಲರ್, ಮರಿಯಾನೆ ರೈಬೋಲ್ಡ್ ಮತ್ತಿತರರು ‘ನೇಚರ್’ ಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಪ್ರಕಟಿಸಿದರು. ಹದಿನೇಳನೆಯ ಶತಮಾನದ ಒಂದು ಡಮಾಸ್ಕಸ್ ಕತ್ತಿಯ ಚೂರನ್ನು ಆಮ್ಲದಲ್ಲಿ ಕರಗಿಸಿ ಉಳಿದದ್ದನ್ನು ನೋಡಿದಾಗ ಅದರಲ್ಲಿ ನ್ಯಾನೊ ಕೊಳವೆಗಳು ಕಂಡವೆಂದು ಅವರು ಬರೆದರು. ಡಮಾಸ್ಕಸ್ ಕತ್ತಿಗಳ ಕಚ್ಚಾವಸ್ತು ದಕ್ಷಿಣ ಭಾರತದ ಮೂಸೆಗಳಲ್ಲಿ ತಯಾರಾಗುತ್ತಿದ್ದ ವೂಟ್ಜ್ ಉಕ್ಕು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬೆಂಗಳೂರಿನವರೇ ಆದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಈ ಉಕ್ಕಿನ ಬಗ್ಗೆ 2004ರಲ್ಲಿ ಒಂದು ಪುಸ್ತಕವನ್ನೇ ತಂದಿದ್ದಾರೆ.

ನಮ್ಮ ಕುಲುಮೆಯವರ ಕೌಶಲದ ಬಗ್ಗೆ ನನಗೆ ಅಪಾರ ಅಭಿಮಾನವಿದೆ. ಆದರೂ ಆ ವರದಿಯನ್ನು ಸ್ಟೇನ್‌ಲೆಸ್ ಸ್ಟೀಲಿನ ಪ್ರಬಂಧಗಳ ಪೀಠಿಕೆಯಲ್ಲಿ ಸಾಕ್ಷಿಯಾಗಿ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ವೂಟ್ಜ್ ಎಂದರೆ ಶೇ. ಒಂದರಿಂದ ಎರಡರಷ್ಟು ಇಂಗಾಲವಿದ್ದ ಉಕ್ಕು. ಅದರ ಹರಿತವೂ ಮೈಮೇಲಿನ ಅಲೆಯಂಥ ವಿನ್ಯಾಸವೂ ಕಬ್ಬಿಣದ ಕಾರ್ಬೈಡಿನ ಪಟ್ಟಿಗಳಿಂದ ಬಂದವು. ಪೊರೆ ಕಟ್ಟುವಷ್ಟು ಕ್ರೋಮಿಯಂ ಅದರಲ್ಲಿಲ್ಲ. ಒರೆಸಿ ಎಣ್ಣೆ ಹಚ್ಚದಿದ್ದರೆ ಆ ಕತ್ತಿ ತುಕ್ಕು ಹಿಡಿಯುತ್ತದೆ. ಕೊಳವೆ ಇದ್ದುದರಿಂದಲೇ ಕತ್ತಿಗೆ ಬಲ ಬಂತು ಎಂಬುದು ಆ ವರದಿಯಿಂದ ಸಿದ್ಧವಾಗುವುದಿಲ್ಲ.

ಈಗ ಮೂರನೆಯ ಭಾಗ. ಕೊಳವೆಯನ್ನೂ ಉಕ್ಕನ್ನೂ ಒಂದುಗೂಡಿಸುವ ಕೆಲಸ.

ಕರಗಿದ ಉಕ್ಕಿಗೆ ಕೊಳವೆ ಸುರಿದರೆ ಅದು ಕರಗಿಹೋಗುತ್ತದೆ, ಇಲ್ಲವೇ ತೇಲುತ್ತದೆ. ಆದ್ದರಿಂದ ಪುಡಿಯ ದಾರಿ ಹಿಡಿಯುತ್ತಾರೆ. ಸ್ಟೇನ್‌ಲೆಸ್ ಪುಡಿಯನ್ನೂ ಕೊಳವೆಗಳನ್ನೂ ಬಾಲ್ ಮಿಲ್ಲಿನಲ್ಲಿ ಗುಂಡುಗಳ ಜೊತೆ ಗಂಟೆಗಟ್ಟಲೆ ಉರುಳಿಸಿ, ಬಂದ ಮಿಶ್ರಣವನ್ನು ಅಚ್ಚಿನಲ್ಲಿಟ್ಟು ಒತ್ತಿ ಕಾಯಿಸುತ್ತಾರೆ. ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್ ಎಂಬ ವಿಧಾನದಲ್ಲಿ ಗ್ರಾಫೈಟ್ ಅಚ್ಚಿನ ಮೂಲಕ ವಿದ್ಯುತ್ ಹರಿಸಿ ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸಬಹುದು. ಮತ್ತೊಂದು ದಾರಿ ಲೇಸರಿನಿಂದ ಪುಡಿಯನ್ನು ಪದರ ಪದರವಾಗಿ ಕರಗಿಸುತ್ತ ಹೋಗುವ ತ್ರೀ-ಡಿ ಮುದ್ರಣ.

ಮೊದಲ ತೊಡಕು ಬೆರೆಸುವುದರಲ್ಲೇ. ನ್ಯಾನೊ ಕೊಳವೆಗಳು ಒಂದನ್ನೊಂದು ಸೆಳೆದು ಅಂಟಿಕೊಳ್ಳುತ್ತವೆ. ಸರಿಯಾಗಿ ತೊಳಸದ ಮುದ್ದೆಯಲ್ಲಿ ಹಿಟ್ಟಿನ ಗಂಟು ನಿಲ್ಲುವಂತೆ ಲೋಹದೊಳಗೆ ಗಂಟುಗಳಾಗಿ ನಿಲ್ಲುತ್ತವೆ. ಪ್ರತಿ ಗಂಟೂ ಉಕ್ಕಿನೊಳಗಿನ ಒಂದು ಟೊಳ್ಳು, ಬಿರುಕು ಹುಟ್ಟುವ ಜಾಗ. ಇದನ್ನು ತಪ್ಪಿಸುವುದು ಎಷ್ಟು ಕಷ್ಟ ಎಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳಬಹುದು.

ಇಪ್ಪತ್ತು ನ್ಯಾನೊಮೀಟರ್ ಅಡ್ಡಗಲದ ಕೊಳವೆಗಳು ಒಂದು ಗ್ರಾಂ ಇವೆ ಎನ್ನಿ. ಸಾಂದ್ರತೆ ಘನ ಸೆಂಟಿಮೀಟರಿಗೆ ಎರಡು ಗ್ರಾಂ ಎಂದು ಹಿಡಿದರೆ, ಅವುಗಳನ್ನು ತುದಿಗೆ ತುದಿ ಜೋಡಿಸಿದಾಗ ಬರುವ ಉದ್ದ ಸುಮಾರು 16 ಲಕ್ಷ ಕಿಲೋಮೀಟರ್. ಭೂಮಿಯಿಂದ ಚಂದ್ರನಿಗಿರುವ ದೂರದ ನಾಲ್ಕು ಪಟ್ಟು. ಒತ್ತೊತ್ತಾಗಿ ಮಲಗಿಸಿದರೆ ಅವು ಮುಚ್ಚುವ ಜಾಗ 32 ಚದರ ಮೀಟರ್. ಇತ್ತ ಮೂವತ್ತು ಮೈಕ್ರೋಮೀಟರ್ ಗಾತ್ರದ ಸ್ಟೇನ್‌ಲೆಸ್ ಪುಡಿ ನೂರು ಗ್ರಾಂ ತೆಗೆದುಕೊಂಡರೆ, ಆ ಎಲ್ಲ ಕಣಗಳ ಒಟ್ಟು ಮೈ ಎರಡೂವರೆ ಚದರ ಮೀಟರ್ ಮಾತ್ರ. ನೂರಕ್ಕೆ ಒಂದು ಗ್ರಾಂ ಹಾಕಿದಾಗ ಉಕ್ಕಿನ ಪ್ರತಿ ಕಣದ ಮೇಲೂ ಕೊಳವೆಗಳು ಹನ್ನೆರಡು ಹದಿಮೂರು ಪದರ ಕೂರಬೇಕು. ಎಷ್ಟು ಉರುಳಿಸಿದರೂ ಅವು ಬಿಡಿಬಿಡಿಯಾಗಿ ನಿಲ್ಲಲು ಜಾಗವೇ ಇಲ್ಲ. ನೂರಕ್ಕೆ 0.1 ಗ್ರಾಂ ಹಾಕಿದರೆ ಒಂದು ಪದರಕ್ಕೆ ಬರುತ್ತದೆ. ನೂರಕ್ಕೆ ಎರಡು, ಮೂರು ಗ್ರಾಂ ಹಾಕಿದೆವೆಂಬ ವರದಿಗಳನ್ನು ಓದುವಾಗ ಈ ಲೆಕ್ಕ ನನ್ನ ಮುಂದೆ ಬಂದು ನಿಲ್ಲುತ್ತದೆ.

ಎರಡನೆಯ ತೊಡಕು ಇನ್ನೂ ಆಳದ್ದು. ಇಂಗಾಲದ ಕೊಳವೆಗಳನ್ನು ಬೆಳೆಸುವುದು ಯಾವುದರ ಮೇಲೆ? ಕಬ್ಬಿಣ, ನಿಕ್ಕಲ್, ಕೋಬಾಲ್ಟಿನ ಸಣ್ಣ ಕಣಗಳ ಮೇಲೆ. ಈ ಲೋಹಗಳು ಬಿಸಿಯಲ್ಲಿ ಇಂಗಾಲವನ್ನು ತಮ್ಮೊಳಗೆ ಕರಗಿಸಿಕೊಂಡು ಮತ್ತೆ ಹೊರಗೆ ಬಿಡಬಲ್ಲವು. ಆ ಗುಣದಿಂದಲೇ ಕೊಳವೆ ಬೆಳೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಬಹುಪಾಲು ಕಬ್ಬಿಣ ಮತ್ತು ನಿಕ್ಕಲ್. ಕೊಳವೆಗೆ ಹುಟ್ಟು ಕೊಟ್ಟ ಗುಣವೇ ಅದನ್ನು ಕರಗಿಸುವ ಗುಣವೂ ಹೌದು. ಸಾವಿರ ಡಿಗ್ರಿಯಲ್ಲಿ ಇಂಗಾಲದ ಪರಮಾಣು ಇಂಥ ಉಕ್ಕಿನೊಳಗೆ ಒಂದೇ ನಿಮಿಷದಲ್ಲಿ ಹತ್ತು ಮೈಕ್ರೋಮೀಟರಿಗೂ ಹೆಚ್ಚು ದೂರ ಸಾಗಬಲ್ಲದು. ಅದು ಕೊಳವೆಯ ಅಡ್ಡಗಲದ ಐನೂರು ಪಟ್ಟು. ‘ಕೆಲವೇ ನಿಮಿಷ ಕಾಯಿಸಿದೆವು’ ಎಂಬ ಸಮಾಧಾನ ಇಲ್ಲಿ ಸಾಲದು.

ಕುಂದಿಲ್ಲದ ಕೊಳವೆಯ ಗೋಡೆ ಸುಲಭಕ್ಕೆ ಕರಗುವುದಿಲ್ಲ ಎಂಬುದು ನಿಜ. ಕರಗುವಿಕೆ ಶುರುವಾಗುವುದು ತುದಿಗಳಲ್ಲಿ, ಗೋಡೆ ಹರಿದಿರುವ ಕಡೆಗಳಲ್ಲಿ. ಆದರೆ ಗಂಟು ಬಿಡಿಸಲೆಂದು ಬಾಲ್ ಮಿಲ್ಲಿನಲ್ಲಿ ಹಾಕಿ ಉರುಳಿಸುತ್ತೇವಲ್ಲ, ಆ ಹೊಡೆತಕ್ಕೆ ಕೊಳವೆಗಳು ತುಂಡಾಗುತ್ತವೆ, ಗೋಡೆಗಳು ಹರಿಯುತ್ತವೆ. ಹೆಚ್ಚು ಉರುಳಿಸಿದರೆ ಕೊಳವೆ ಕೆಡುತ್ತದೆ, ಕಡಿಮೆ ಉರುಳಿಸಿದರೆ ಗಂಟು ಉಳಿಯುತ್ತದೆ. ಇದನ್ನು ತಪ್ಪಿಸಲು ಕೆಲವರು ಉಕ್ಕಿನ ಪುಡಿಯ ಮೈಮೇಲೆಯೇ ಕೊಳವೆ ಬೆಳೆಸುತ್ತಾರೆ. ಜಾಣ ಉಪಾಯವೇ. ಆದರೆ ಹಾಗೆ ಬೆಳೆಸುವ ಶಾಖ ಸಾಮಾನ್ಯವಾಗಿ 600ರಿಂದ 800 ಡಿಗ್ರಿ. ನಾನು ಆಗ ಹೇಳಿದ, ಕ್ರೋಮಿಯಂ ಕಾರ್ಬೈಡ್ ಕಟ್ಟುವ ವಲಯದ ನಟ್ಟನಡುವೆ.

ಈಗ ಕರಗಿದ ಇಂಗಾಲ ಏನು ಮಾಡುತ್ತದೆ ನೋಡೋಣ. ಕ್ರೋಮಿಯಂ ಕಾರ್ಬೈಡಿನಲ್ಲಿ ಪ್ರತಿ 6 ಇಂಗಾಲದ ಪರಮಾಣುವಿಗೆ 23 ಕ್ರೋಮಿಯಂ ಪರಮಾಣುಗಳು. ಕ್ರೋಮಿಯಂ ಪರಮಾಣುವಿನ ತೂಕ 52, ಇಂಗಾಲದ್ದು 12. ಗುಣಿಸಿ ಭಾಗಿಸಿದರೆ ಒಂದು ಗ್ರಾಂ ಇಂಗಾಲ ಹದಿನಾರೂವರೆ ಗ್ರಾಮಿಗೂ ಹೆಚ್ಚು ಕ್ರೋಮಿಯಮ್ಮನ್ನು ನುಂಗಬಲ್ಲದು. 316ಎಲ್‌ನಲ್ಲಿರುವ ಒಟ್ಟು ಕ್ರೋಮಿಯಂ ನೂರಕ್ಕೆ 16ರಿಂದ 18 ಗ್ರಾಂ. ಅಂದರೆ ನೂರು ಗ್ರಾಂ ಉಕ್ಕಿಗೆ ಹಾಕಿದ ಒಂದು ಗ್ರಾಂ ಕೊಳವೆ ಪೂರ್ತಿ ಕರಗಿ ಕಾರ್ಬೈಡ್ ಆದರೆ ಪೊರೆ ಕಟ್ಟಲು ಕ್ರೋಮಿಯಂ ಹೆಚ್ಚುಕಡಿಮೆ ಉಳಿಯುವುದೇ ಇಲ್ಲ. ಅರ್ಧ ಗ್ರಾಂ ಕರಗಿದರೂ ಉಳಿಯುವುದು ಎಂಟೋ ಒಂಬತ್ತೋ, ಬೇಕಾದದ್ದು ಹತ್ತೂವರೆ. ಇದು ಹೊರಗಿನ ಎಲ್ಲೆ ಎಂಬುದನ್ನು ಒಪ್ಪುತ್ತೇನೆ. ನಿಜವಾದ ಕಾರ್ಬೈಡಿನಲ್ಲಿ ಸ್ವಲ್ಪ ಕಬ್ಬಿಣವೂ ಸೇರಿರುತ್ತದೆ, ಎಲ್ಲ ಕೊಳವೆಗಳೂ ಕರಗುವುದಿಲ್ಲ. ಆದರೆ ಬರಿದಾಗುವಿಕೆ ಸರಾಸರಿಯಾಗಿ ನಡೆಯುವುದಿಲ್ಲ. ಕೊಳವೆ ಎಲ್ಲಿದೆಯೋ ಅದರ ಸುತ್ತಲೇ ನಡೆಯುತ್ತದೆ. ಪುಡಿಯ ಕಣಗಳ ಅಂಚೇ ಕೊಳವೆಗಳ ಜಾಗವಾದ್ದರಿಂದ ತುಕ್ಕಿಗೆ ಒಳದಾರಿ ಸಿದ್ಧವಾಗಿರುತ್ತದೆ.

ಕರಗದೆ ಉಳಿದ ಕೊಳವೆಗಳ ಮಾತು? ಪೊರೆಯ ದಪ್ಪ ಎರಡು ಮೂರು ನ್ಯಾನೊಮೀಟರ್ ಎಂದೆ. ಕೊಳವೆಯ ದಪ್ಪ ಇಪ್ಪತ್ತು. ಮೈಮೇಲೆ ತಲೆ ಚಾಚಿದ ಒಂದೊಂದು ಕೊಳವೆಯೂ ಪೊರೆಯನ್ನು ಸೀಳಿ ನಿಂತಿರುತ್ತದೆ. ಉಪ್ಪುನೀರಿನಲ್ಲಿ ಇಂಗಾಲ ತಾನು ಕರಗದೆ ಕ್ಯಾಥೋಡಿನಂತೆ ವರ್ತಿಸುವುದರಿಂದ ಪಕ್ಕದ ಉಕ್ಕು ಇನ್ನೂ ಬೇಗ ಕರಗುವ ಅಪಾಯವಿದೆ.

ಈ ಹಾನಿಯನ್ನು ಕಣ್ಣಾರೆ ನೋಡಲು ದುಬಾರಿ ಉಪಕರಣ ಬೇಡ. ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಮಾಡಬಹುದಾದ ಒಂದು ಪರೀಕ್ಷೆ ಇದೆ. ತುಂಡನ್ನು ಕನ್ನಡಿಯಂತೆ ಉಜ್ಜಿ, ಶೇ. 10ರ ಆಕ್ಸಾಲಿಕ್ ಆಮ್ಲದಲ್ಲಿ ಮುಳುಗಿಸಿ, ಧನಧ್ರುವಕ್ಕೆ ಜೋಡಿಸಿ, ಚದರ ಸೆಂಟಿಮೀಟರಿಗೆ ಒಂದು ಆಂಪಿಯರಿನಂತೆ ಒಂದೂವರೆ ನಿಮಿಷ ವಿದ್ಯುತ್ ಹರಿಸಬೇಕು. ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಉಕ್ಕಿನ ಸ್ಥಿತಿ ಬಯಲಾಗುತ್ತದೆ. ಆರೋಗ್ಯವಾಗಿರುವ ಉಕ್ಕಿನಲ್ಲಿ ಒಂದು ಹರಳಿಗೂ ಮತ್ತೊಂದಕ್ಕೂ ನಡುವೆ ಬರಿಯ ಮೆಟ್ಟಿಲಿನಂಥ ಏರುಪೇರು. ಅಂಚು ಗೆರೆಯಾಗಿ ಕೂಡ ತೋರುವುದಿಲ್ಲ. ಕ್ರೋಮಿಯಂ ಬರಿದಾದ ಉಕ್ಕಿನಲ್ಲಿ ಪ್ರತಿ ಹರಳನ್ನೂ ಸುತ್ತುವರಿದು ಕಪ್ಪು ಕಾಲುವೆ ತೋಡಿರುತ್ತದೆ. ಒಮ್ಮೆ ನೋಡಿದವರು ಆ ವ್ಯತ್ಯಾಸವನ್ನು ಮರೆಯುವುದಿಲ್ಲ. ಕೊಳವೆ ಬೆರೆಸಿದ ಪ್ರತಿಯೊಂದು ತುಂಡಿಗೂ ಈ ಪರೀಕ್ಷೆ ಆಗಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಕೊನೆಯ ಪ್ರಶ್ನೆ. ಕೊಳವೆ ಬೆರೆಸಿದ ಉಕ್ಕು ಗಟ್ಟಿಯಾಯಿತು ಎಂಬ ಅಳತೆಗಳು ಸುಳ್ಳಲ್ಲ. ಆ ಬಲ ಬಂದದ್ದು ಎಲ್ಲಿಂದ?

ಎಳೆಯಾಗಿ ಹೊರೆ ಹೊರುವುದಕ್ಕೆ ಕೊಳವೆಗೆ ಉದ್ದ ಬೇಕು. ಕೊಳವೆಯನ್ನು ಉಕ್ಕಿಗೆ ಹಿಡಿದಿಡುವ ಅಂಟಿನ ಬಲ ನೂರು ಮೆಗಾಪ್ಯಾಸ್ಕಲ್, ಕೊಳವೆಯ ಬಲ ಮೂವತ್ತು ಗಿಗಾಪ್ಯಾಸ್ಕಲ್ ಎಂದು ಹಿಡಿದರೆ ಅದರ ಪೂರ್ಣ ಶಕ್ತಿ ಬಳಕೆಗೆ ಬರಲು ಕನಿಷ್ಠ ಮೂರು ಮೈಕ್ರೋಮೀಟರ್ ಉದ್ದವಿರಬೇಕು. ಮಿಲ್ಲಿನಲ್ಲಿ ಮುರಿದು ಒಂದು ಮೈಕ್ರೋಮೀಟರಿಗೆ ಇಳಿದ ಕೊಳವೆ ಸರಾಸರಿ ಐದು ಗಿಗಾಪ್ಯಾಸ್ಕಲ್ ಮಾತ್ರ ಹೊರುತ್ತದೆ. ನೂರಕ್ಕೆ 0.1 ಗ್ರಾಂ ಎಂದರೆ ಗಾತ್ರದಲ್ಲಿ ಶೇ. 0.4, ಎಲ್ಲ ಕೊಳವೆಗಳೂ ಎಳೆಯುವ ದಿಕ್ಕಿಗೇ ಮಲಗಿದ್ದರೂ ಅವು ಕೊಡುವ ಹೆಚ್ಚುವರಿ ಬಲ 20 ಮೆಗಾಪ್ಯಾಸ್ಕಲ್. ದಿಕ್ಕಾಪಾಲಾಗಿದ್ದರೆ ಇನ್ನೂ ಕಡಿಮೆ. ಬಿಗಿತನವಂತೂ ನೂರಕ್ಕೆ ಎರಡರಷ್ಟೂ ಏರುವುದಿಲ್ಲ.

ಹಾಗಾದರೆ ವರದಿಯಾಗುವ ದೊಡ್ಡ ಏರಿಕೆಗಳು ಬೇರೆ ದಾರಿಯಿಂದ ಬಂದಿರಬೇಕು. ಮಿಲ್ಲಿನಲ್ಲಿ ಕುಟ್ಟಿದ ಪುಡಿಯ ಹರಳುಗಳು ಚಿಕ್ಕದಾಗುತ್ತವೆ. ಹರಳು ಚಿಕ್ಕದಾದಷ್ಟೂ ಲೋಹ ಗಟ್ಟಿ ಎಂಬುದನ್ನು ಹಾಲ್ ಮತ್ತು ಪೆಚ್ 1950ರ ದಶಕದ ಆರಂಭದಲ್ಲೇ ತೋರಿಸಿದ್ದಾರೆ. ಕೊಳವೆಯಿಂದ ಹುಟ್ಟಿದ ಕಾರ್ಬೈಡಿನ ಕಣಗಳೂ ಲೋಹದ ಪದರಗಳು ಜಾರದಂತೆ ತಡೆಯುತ್ತವೆ. ಲೇಸರ್ ಮುದ್ರಣದಲ್ಲಾದರೆ ಆ ವಿಧಾನವೇ ಬಲ ಕೊಡುತ್ತದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು 2017ರಲ್ಲಿ ಯಾವ ಕೊಳವೆಯನ್ನೂ ಬೆರೆಸದ 316ಎಲ್ ಪುಡಿಯನ್ನು ಲೇಸರಿನಿಂದ ಮುದ್ರಿಸಿ, ಮಾಮೂಲಿ 316ಎಲ್‌ಗಿಂತ ಎರಡು ಮೂರು ಪಟ್ಟು ಬಲವಿದ್ದೂ ಹಿಗ್ಗುವ ಗುಣ ಕಳೆದುಕೊಳ್ಳದ ಉಕ್ಕನ್ನು ತೋರಿಸಿದರು. ಅಲ್ಲಿ ಬಲ ಬಂದದ್ದು ಥಟ್ಟನೆ ತಣಿದಾಗ ಹರಳಿನೊಳಗೆ ಮೂಡಿದ ಸೂಕ್ಷ್ಮ ಕೋಶಗಳಿಂದ.

ಕೊಳವೆ ಉಳಿದಿದೆಯೇ ಎಂದು ನೋಡಲು ರಾಮನ್ ವರ್ಣಪಟಲವನ್ನು ಬಳಸುತ್ತಾರೆ. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದ ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮ ಇಂದು ಜಗತ್ತಿನ ಎಲ್ಲ ನ್ಯಾನೊ ಪ್ರಯೋಗಾಲಯಗಳ ದಿನನಿತ್ಯದ ಸಾಧನ. ಇಂಗಾಲ ಪ್ರತಿ ಸೆಂಟಿಮೀಟರಿಗೆ 1350 ಮತ್ತು 1580 ಅಲೆಗಳ ಸುಮಾರಿನಲ್ಲಿ ಎರಡು ಶಿಖರಗಳನ್ನು ಕೊಡುತ್ತದೆ. ಎರಡನೆಯದಕ್ಕೆ ಹೋಲಿಸಿದಾಗ ಮೊದಲನೆಯದು ಎತ್ತರವಾದಷ್ಟೂ ಇಂಗಾಲ ಕೆಟ್ಟಿದೆ ಎಂದರ್ಥ. ಆದರೆ ಮುರಿದ ಗ್ರಾಫೈಟ್ ಚೂರುಗಳೂ ಅವೇ ಶಿಖರಗಳನ್ನು ಕೊಡುತ್ತವೆ. ಆದ್ದರಿಂದ ಬಹುಗೋಡೆಯ ಕೊಳವೆ ಕೊಳವೆಯಾಗಿಯೇ ಇದೆ ಎನ್ನಲು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಗೋಡೆಗಳನ್ನು ತೋರಿಸಬೇಕು.

ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಲೋಹಕ್ಕೆ ಕೊಳವೆ ಬೆರೆಸುವ ಇಡೀ ಪ್ರಯತ್ನವೇ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ತಾಮ್ರದಲ್ಲಿ ಇಂಗಾಲ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಅಲ್ಲಿ ಕೊಳವೆ ಬಾಳುತ್ತದೆ. ಅಲ್ಯುಮಿನಿಯಮ್ಮಿಗೆ ಸ್ವಲ್ಪ ಕೊಳವೆ ಬೆರೆಸಿದಾಗ ವಿಕಿರಣದ ಹಾನಿಗೆ ಅದು ಹೆಚ್ಚು ತಡೆ ಒಡ್ಡುವುದನ್ನು ಎಂಐಟಿಯ ಜು ಲಿ ಮತ್ತು ಸಂಗಡಿಗರು 2016ರಲ್ಲಿ ವರದಿ ಮಾಡಿದರು. ಸ್ಟೇನ್‌ಲೆಸ್ ಸ್ಟೀಲಿಗೂ ಒಂದು ಸಣ್ಣ ಕಿಂಡಿ ತೆರೆದಿದೆ: ನೂರಕ್ಕೆ 0.1 ಗ್ರಾಮಿನ ಆಸುಪಾಸು. ಪದರದ ಲೆಕ್ಕವೂ ಕ್ರೋಮಿಯಮ್ಮಿನ ಲೆಕ್ಕವೂ ಅಲ್ಲಿ ಒಟ್ಟಿಗೆ ಕೂಡುತ್ತವೆ. ಅಷ್ಟೂ ಕರಗಿದರೂ ಒಟ್ಟಾರೆ ಹೋಗುವುದು ಒಂದೂಮುಕ್ಕಾಲು ಗ್ರಾಮಿನೊಳಗೆ. ಟೈಟೇನಿಯಂ ಇರುವ 321 ದರ್ಜೆಯನ್ನು ಆರಿಸಿಕೊಂಡರೆ ಇನ್ನೂ ಸುರಕ್ಷಿತ. ಕೊಳವೆಗೆ ಮೊದಲೇ ಅಲ್ಯುಮಿನಾದಂಥ ಆಕ್ಸೈಡಿನ ಲೇಪ ಕೊಡುವ ದಾರಿಯೂ ಭರವಸೆಯದೇ. ಅಣುಸ್ಥಾವರಗಳಿಗೆಂದು ಉಕ್ಕಿನಲ್ಲಿ ಯಿಟ್ರಿಯಂ ಆಕ್ಸೈಡಿನ ನ್ಯಾನೊ ಕಣಗಳನ್ನು ಹರಡಿ ಬಲ ಹೆಚ್ಚಿಸಿದವರು ಯಶಸ್ಸು ಕಂಡದ್ದು, ಆ ಕಣ ಬಿಸಿಯಲ್ಲೂ ಕರಗದೆ ನಿಲ್ಲುತ್ತದೆ ಎಂಬ ಮುಖ್ಯ ಕಾರಣಕ್ಕೆ.

ಪುಡಿ ಬೆರೆಸುವ ಕೈಗಳ ಬಗ್ಗೆಯೂ ಹೇಳದೆ ಮುಗಿಸಲಾರೆ. ಉದ್ದನೆಯ ಗಡಸು ಕೊಳವೆಗಳು ಇಲಿಗಳ ದೇಹದಲ್ಲಿ ಕಲ್ನಾರಿನಂತೆಯೇ ಉರಿಯೂತ ಉಂಟುಮಾಡಿದ್ದು 2008ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2014ರಲ್ಲಿ ಒಂದು ಬಗೆಯ ಬಹುಗೋಡೆಯ ಕೊಳವೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಕೆಲಸದ ಜಾಗದ ಗಾಳಿಗೆ ಸೂಚಿಸಿರುವ ಮಿತಿ ಘನ ಮೀಟರಿಗೆ ಒಂದು ಮೈಕ್ರೊಗ್ರಾಂ. ತೆರೆದ ತಕ್ಕಡಿಯಲ್ಲಿ, ಫ್ಯಾನಿನ ಕೆಳಗೆ, ಬಟ್ಟೆಯ ಮಾಸ್ಕ್ ಹಾಕಿಕೊಂಡು ಈ ಪುಡಿಯನ್ನು ತೂಗುವುದಕ್ಕೆ ಯಾವ ಮಾರ್ಗದರ್ಶಕರೂ ವಿದ್ಯಾರ್ಥಿಗಳನ್ನು ಬಿಡಬಾರದು. ಮುಚ್ಚಿದ ಗ್ಲೋವ್ ಬಾಕ್ಸ್ ಇಲ್ಲದ ಕಡೆ ಈ ಪ್ರಯೋಗ ಬೇಡ.

ಇಲ್ಲಿರುವ ಯುವ ಸಂಶೋಧಕರಲ್ಲಿ ನನ್ನ ವಿನಂತಿ ಇಷ್ಟು. ಕೊಳವೆ ಬೆರೆಸಿದ ಒಂದು ತುಂಡು ಮಾಡಿದಾಗ, ಅಷ್ಟೇ ತೂಕದ ಅಗ್ಗದ ಕಾರ್ಬನ್ ಬ್ಲ್ಯಾಕ್ ಮಸಿ ಬೆರೆಸಿ ಅದೇ ಮಿಲ್ಲಿನಲ್ಲಿ, ಅದೇ ಶಾಖದಲ್ಲಿ ಇನ್ನೊಂದು ತುಂಡು ಮಾಡಿ. ಏನನ್ನೂ ಬೆರೆಸದ ಪುಡಿಯಿಂದಲೂ ಒಂದನ್ನು ಮಾಡಿ. ಮೂರರ ಗಡಸುತನವನ್ನೂ ಅಳೆಯಿರಿ, ಮೂರನ್ನೂ ಆಕ್ಸಾಲಿಕ್ ಆಮ್ಲದಲ್ಲೂ ಉಪ್ಪುನೀರಿನಲ್ಲೂ ಪರೀಕ್ಷಿಸಿ. ಮಸಿ ಬೆರೆಸಿದ ತುಂಡೂ ಅಷ್ಟೇ ಗಟ್ಟಿಯಾಗಿದ್ದರೆ ಆ ಬಲ ಕೊಳವೆಯದಲ್ಲ, ಕಾರ್ಬೈಡಿನದು ಅಥವಾ ಮಿಲ್ಲಿನ ಕುಟ್ಟುವಿಕೆಯದು. ಅದನ್ನೂ ಹಾಗೆಯೇ ಬರೆಯಿರಿ. ತುಕ್ಕು ಹಿಡಿದ ತುಂಡಿನ ಚಿತ್ರವನ್ನು ಗಟ್ಟಿಯಾದ ತುಂಡಿನ ಅಂಕಿಯ ಪಕ್ಕದಲ್ಲೇ ಅಚ್ಚು ಮಾಡಿ. ಈ ಸಂಸ್ಥೆಯ ಪ್ರಯೋಗಾಲಯದಲ್ಲಿ ಅಂಥ ಕೆಲಸ ಶುರುವಾದರೆ ಲೆಕ್ಕ ನೋಡಿಕೊಡಲು, ಹರಳುಗಳನ್ನು ಒಟ್ಟಿಗೆ ಕೂತು ಪರಿಶೀಲಿಸಲು ನಾನು ಬರುತ್ತೇನೆ.